ಭಕ್ತಿಗೂ ತಿಳಿವಿಗೂ ಏನು ನಂಟು?

ಪ್ರಶ್ನೆ: ನಮ್ಮ ತಾಯಿಗೆ ಓದು ಬಾರದು. ದಾಸರ ಪದ ಹಾಡಿಕೊಂಡೇ ಮನೆಗೆಲಸ ಮಾಡುತ್ತಾರೆ. ಮೊನ್ನೆ ನೆಂಟರೊಬ್ಬರು, "ಭಕ್ತಿ ಓದದವರ ದಾರಿ, ಜ್ಞಾನ ವಿದ್ವಾಂಸರ ದಾರಿ" ಎಂದುಬಿಟ್ಟರು. ಅಮ್ಮ ಸುಮ್ಮನಾದರು, ನನಗೆ ನೋವಾಯಿತು. ಅವರ ಮಾತು ಶಾಸ್ತ್ರಕ್ಕೆ ಒಪ್ಪುತ್ತದೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ಒಪ್ಪುವುದಿಲ್ಲ. ನಿಮ್ಮ ತಾಯಿ ದಾಸರ ಪದ ಹಾಡುವವರಾದ್ದರಿಂದ ದಾಸರು ನಂಬಿದ ಮಧ್ವಾಚಾರ್ಯರಿಂದಲೇ ಶುರುಮಾಡುತ್ತೇನೆ. 'ಮಹಾಭಾರತ ತಾತ್ಪರ್ಯ ನಿರ್ಣಯ'ದ ಮೊದಲ ಅಧ್ಯಾಯದಲ್ಲಿ ಅವರು ಭಕ್ತಿಗೆ ಲಕ್ಷಣ ಹೇಳುತ್ತಾರೆ: "ಮಾಹಾತ್ಮ್ಯಜ್ಞಾನಪೂರ್ವಸ್ತು ಸುದೃಢಃ ಸರ್ವತೋಽಧಿಕಃ ಸ್ನೇಹೋ ಭಕ್ತಿಃ". ದೇವರ ಹಿರಿಮೆಯನ್ನು ಅರಿತ ಮೇಲೆ ಹುಟ್ಟುವ, ಅಲುಗಾಡದ, ಬೇರೆಲ್ಲದರ ಮೇಲಿನ ಪ್ರೀತಿಗಿಂತ ಹೆಚ್ಚಾದ ಸ್ನೇಹವೇ ಭಕ್ತಿ. ಜ್ಞಾನ ಇಲ್ಲಿ ಭಕ್ತಿಯ ಲಕ್ಷಣದೊಳಗೇ ಕೂತಿದೆ, ಅದೂ ಮೊದಲ ಪದವಾಗಿ. ಮಧ್ವರ ಗ್ರಂಥಗಳಿಗೆ ಟೀಕೆ ಬರೆದ ಮಳಖೇಡದ ಜಯತೀರ್ಥರು 'ನ್ಯಾಯಸುಧಾ'ದಲ್ಲಿ ಇದನ್ನೇ ಬಿಡಿಸುತ್ತ, ಸಾವಿರ ಅಡ್ಡಿ ಬಂದರೂ ತಡೆಯಿಲ್ಲದೆ ಹರಿಯುವ ಪ್ರೇಮಪ್ರವಾಹ ಎಂದರು.

ಹಾಗಾದರೆ ಓದು ಬಾರದವರಿಗೆ ಈ ಮಾಹಾತ್ಮ್ಯಜ್ಞಾನ ಎಲ್ಲಿಂದ ಬರಬೇಕು? ಪುರಂದರದಾಸರ 'ಜಗದೋದ್ಧಾರನ ಆಡಿಸಿದಳೆಶೋದೆ' ಪದವನ್ನು ನಿಧಾನವಾಗಿ ಕೇಳಿ. 'ಜಗದೋದ್ಧಾರ' ಎಂಬಲ್ಲಿ ಹಿರಿಮೆಯ ಅರಿವಿದೆ, 'ಆಡಿಸಿದಳು' ಎಂಬಲ್ಲಿ ತಾಯಿಯ ಸ್ನೇಹವಿದೆ. ವೇದಕ್ಕೂ ಸಿಗದವನನ್ನು ಮಗುವಿನಂತೆ ಎತ್ತಿ ಆಡಿಸಿದಳಲ್ಲ ಎಂಬ ಬೆರಗೇ ಆ ಹಾಡಿನ ಜೀವ. ಆಚಾರ್ಯರ ಶ್ಲೋಕದ ತಿರುಳು ಪೂರ್ತಿ ಇಲ್ಲಿ ಕನ್ನಡವಾಗಿದೆ. ಅಡುಗೆಮನೆಯಲ್ಲಿ ನಿಂತು ಇದನ್ನು ಬೆರಗಿನಿಂದ ಹಾಡುವಾಕೆಗೆ ಜ್ಞಾನವಿಲ್ಲ ಎನ್ನಲು ನನಗಂತೂ ಬಾಯಿ ಬಾರದು. ಅಕ್ಷರ ಬಾರದಿರುವುದು ಬೇರೆ, ಅರಿವಿಲ್ಲದಿರುವುದು ಬೇರೆ.

ನಿಮ್ಮ ನೆಂಟರು ಬಹುಶಃ ಅದ್ವೈತದ ಮಾತೊಂದನ್ನು ಅರ್ಧ ಕೇಳಿರಬೇಕು. ಅಲ್ಲಿ ಮೋಕ್ಷಕ್ಕೆ ನೇರ ಸಾಧನ ಜ್ಞಾನವೇ, ನಿಜ. ಆದರೆ ಶಂಕರರ ಹೆಸರಿನಲ್ಲಿ ಬಂದಿರುವ 'ವಿವೇಕಚೂಡಾಮಣಿ' ಮೋಕ್ಷಕ್ಕೆ ಬೇಕಾದ ಸಾಮಗ್ರಿಯಲ್ಲಿ ಭಕ್ತಿಯೇ ಹಿರಿದು ಎಂದು ಹೇಳಿ, ತನ್ನ ನಿಜಸ್ವರೂಪದ ಅನುಸಂಧಾನವನ್ನೇ, ಎಂದರೆ ಬಿಡದ ಚಿಂತನೆಯನ್ನೇ, ಭಕ್ತಿ ಎಂದು ಕರೆಯುತ್ತದೆ. ನಿಮ್ಮ ನೆಂಟರು ಗೀಟು ಎಳೆದ ಜಾಗದಲ್ಲಿ ಅದ್ವೈತವೂ ಗೀಟು ಎಳೆದಿಲ್ಲ.

ಪ್ರಶ್ನೆ: ಮೇಲುಕೋಟೆಗೆ ಹೋದಾಗ 'ಪ್ರಪತ್ತಿ' ಎಂಬ ಪದ ಕಿವಿಗೆ ಬಿತ್ತು. ಇದು ಭಕ್ತಿಯ ಇನ್ನೊಂದು ಹೆಸರೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಆಡುಮಾತಿನಲ್ಲಿ ಹೌದೆನಿಸಿದರೂ ರಾಮಾನುಜರ ಅನುಯಾಯಿಗಳಾದ ಶ್ರೀವೈಷ್ಣವರಲ್ಲಿ ಇವೆರಡೂ ಬೇರೆ. ರಾಮಾನುಜರು ಶ್ರೀಭಾಷ್ಯದಲ್ಲಿ ಹೇಳುವ ಭಕ್ತಿ ಎಣ್ಣೆಯ ಧಾರೆಯಂತೆ ಕಡಿಯದೆ ಸಾಗುವ ಸ್ಮರಣೆ. ಅದು ಬದುಕಿಡೀ ನಡೆಯಬೇಕಾದ ಕಠಿಣ ಸಾಧನೆ. ಪ್ರಪತ್ತಿ ಎಂದರೆ ಶರಣಾಗತಿ. ಇದಕ್ಕೆ ಎರಡು ಅರ್ಹತೆ ಸಾಕು: 'ನನ್ನಲ್ಲಿ ಬೇರೆ ಸಾಧನೆಯಿಲ್ಲ' ಎಂಬ ಅಕಿಂಚನಭಾವ, 'ನೀನಲ್ಲದೆ ಬೇರೆ ಗತಿಯಿಲ್ಲ' ಎಂಬ ಅನನ್ಯಗತಿತ್ವ. ಕೈಯಲ್ಲಿ ಏನೂ ಇಲ್ಲದಿರುವುದೇ ಅರ್ಹತೆಯಾಗುವ ಈ ವಿಚಾರ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ.

ರಾಮಾಯಣದ ವಿಭೀಷಣ ಶರಣಾಗತಿ ಇದಕ್ಕೆ ದೊಡ್ಡ ನಿದರ್ಶನ. ಶತ್ರುವಿನ ತಮ್ಮನನ್ನು ನಂಬುವುದು ಹೇಗೆಂದು ಸುಗ್ರೀವ ಅನುಮಾನಿಸಿದಾಗ ರಾಮ, ಒಮ್ಮೆ 'ನಿನ್ನವನು' ಎಂದು ಬೇಡಿ ಬಂದವನಿಗೆ ಅಭಯ ಕೊಡುವುದು ನನ್ನ ವ್ರತ ಎನ್ನುತ್ತಾನೆ. ಶ್ಲೋಕದಲ್ಲಿ 'ಸಕೃದೇವ', ಒಂದೇ ಸಲ, ಎಂಬ ಪದವಿದೆ. ಎಣ್ಣೆಧಾರೆಗೂ ಈ 'ಒಂದೇ ಸಲ'ಕ್ಕೂ ಇರುವ ಅಂತರವೇ ಭಕ್ತಿಗೂ ಪ್ರಪತ್ತಿಗೂ ಇರುವ ಅಂತರ. ಶರಣಾದವನ ಕಡೆಯಿಂದ ಪ್ರಯತ್ನ ಎಷ್ಟಿರಬೇಕು ಎಂಬಲ್ಲಿ ಶ್ರೀವೈಷ್ಣವರ ಎರಡು ಪಂಗಡಗಳಾದ ವಡಗಲೈ, ತೆಂಗಲೈಗಳಿಗೆ ಭಿನ್ನಮತ. ಕೋತಿಮರಿ ತಾಯಿಯನ್ನು ತಾನೇ ಅವುಚಿಕೊಳ್ಳುವಂತೆ ಎಂದರು ವಡಗಲೈಯವರು. ಬೆಕ್ಕು ಮರಿಯನ್ನು ತಾನೇ ಕಚ್ಚಿಕೊಂಡು ಹೋಗುವಂತೆ ಎಂದರು ತೆಂಗಲೈಯವರು.

ಪ್ರಶ್ನೆ: 'ಪ್ರಸಾದ' ಎಂದರೆ ದೇವಸ್ಥಾನದಲ್ಲಿ ಕೊಡುವ ತಿನಿಸಷ್ಟೇ ಏನು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ತಿನಿಸೂ ಹೌದು, ಅನುಗ್ರಹವೂ ಹೌದು. ವೀರಶೈವರಲ್ಲಿ ಭಕ್ತನನ್ನು ಕಾಯುವ ಎಂಟು ಆವರಣಗಳಾದ ಅಷ್ಟಾವರಣದಲ್ಲಿ ಪ್ರಸಾದ ಒಂದು ಆವರಣ, ಸಾಧನೆಯ ಆರು ಮೆಟ್ಟಿಲುಗಳಾದ ಷಟ್‌ಸ್ಥಲದಲ್ಲಿ 'ಪ್ರಸಾದಿ' ಮೂರನೆಯ ಸ್ಥಲ. ಎಂದರೆ ಅದು ಸಾಧಕ ಏರುವ ಒಂದು ನಿಲುವೂ ಹೌದು. ಇನ್ನೂ ಒಂದು ಅರ್ಥ ಗೀತೆಯ ಎರಡನೆಯ ಅಧ್ಯಾಯದಲ್ಲಿದೆ: ಪ್ರಸಾದ ಸಿಕ್ಕಾಗ ದುಃಖವೆಲ್ಲ ಇಲ್ಲವಾಗುತ್ತದೆ ಎನ್ನುವಲ್ಲಿ ಅದರರ್ಥ ಮನಸ್ಸಿನ ನಿರ್ಮಲತೆ. ಕಲಕಿದ ಕೊಡದ ನೀರಿನಲ್ಲಿ ಮಣ್ಣು ತಳಕ್ಕೆ ಕೂತಾಗ ನೀರು 'ಪ್ರಸನ್ನ'ವಾಯಿತು ಎನ್ನುತ್ತದೆ ಸಂಸ್ಕೃತ. ನಾವು 'ತಿಳಿಯಾಯಿತು' ಎನ್ನುತ್ತೇವೆ. ಅರಿವಾದಾಗಲೂ ಕನ್ನಡದಲ್ಲಿ ನಾವು 'ತಿಳಿಯಿತು' ಎಂದೇ ಹೇಳುವುದು.