ಸಿಸ್ಟರ್‌ಗೆ ಕೇಳಿ: ಮಳೆಯ ಚಳಿಯೋ, ಪಿಕ್ ಲೈನಿನ ಚಳಿಯೋ?

ಪ್ರಶ್ನೆ: ಸಿಸ್ಟರ್, ನಮ್ಮ ಮಾವನವರ ಕಾಲಿನ ಮೂಳೆಗೆ ಸೋಂಕಾಗಿದೆ. ಆರು ವಾರ ಆಂಟಿಬಯೋಟಿಕ್ ಕೊಡಬೇಕೆಂದು ಮೈಸೂರಿನಲ್ಲಿ ತೋಳಿನ ರಕ್ತನಾಳಕ್ಕೆ ಪಿಕ್ ಲೈನ್ ಎಂಬ ಉದ್ದನೆಯ ತೆಳು ಕೊಳವೆ ಹಾಕಿ ಕಳುಹಿಸಿದ್ದಾರೆ. ಊರಿನ ನರ್ಸ್ ಮನೆಗೆ ಬಂದು ಔಷಧಿ ಕೊಡುತ್ತಾರೆ. ಮೊನ್ನೆ ಔಷಧಿ ಹೋಗಿ ಅರ್ಧ ಗಂಟೆಗೆ ಮಾವ ಗಡಗಡ ನಡುಗಿದರು. ಕಂಬಳಿ ಹೊದಿಸಿ ಜ್ವರದ ಮಾತ್ರೆ ಕೊಟ್ಟ ಮೇಲೆ ಇಳಿಯಿತು. ಲೈನಿನ ಬಳಿ ಕೆಂಪಿಲ್ಲ, ಕೀವಿಲ್ಲ. ಡ್ರೆಸ್ಸಿಂಗ್‌ನ ಒಂದು ಅಂಚು ಮಾತ್ರ ತೇವಕ್ಕೆ ಎದ್ದಿದೆ. ಅತ್ತೆ ಅರಿಶಿನ ಹಚ್ಚೋಣ ಎನ್ನುತ್ತಾರೆ. ಇದು ಕಕ್ಕಡ ಮಾಸದ ಮಳೆಯ ಚಳಿಯೇ?
– ಓದುಗರು, ನಾಪೋಕ್ಲು

ಉತ್ತರ: ಪತ್ರ ಕೈಸೇರಿದ ದಿನವೇ ಫೋನಿನಲ್ಲಿ ನಿಮಗೆ ಹೇಳಿದ್ದೇನೆ: ಮುಂದಿನ ಡೋಸ್ ನಿಲ್ಲಿಸಿ, ಮೊದಲು ಆಸ್ಪತ್ರೆಗೆ ಹೊರಡಿ. ಇಲ್ಲಿ ಬರೆಯುತ್ತಿರುವುದು ಇಂಥದೇ ಲೈನ್ ಇರುವ ಉಳಿದ ಮನೆಗಳಿಗಾಗಿ.

ಕಕ್ಕಡದ ಚಳಿ ಮನೆಮಂದಿಗೆಲ್ಲ ಆಗುತ್ತದೆ; ಔಷಧಿ ಹೋದ ಮೇಲೆ ಮಾವನೊಬ್ಬರಿಗೇ ಆಗುವುದಿಲ್ಲ. ಲೈನಿನ ತುದಿ ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲಿರುತ್ತದೆ. ರೋಗಾಣುಗಳು ಕೊಳವೆಯ ಒಳಗೋಡೆಗೆ ಲೋಳೆಯಾಗಿ ಅಂಟಿಕೊಂಡಿದ್ದರೆ, ಸಲೈನ್ ತಳ್ಳಿದಾಗ ನೇರ ರಕ್ತಕ್ಕೆ ಇಳಿಯುತ್ತವೆ. ಆಗ ನಡುಕ. ಹೊರಗೆ ಕೆಂಪು, ಕೀವು ಇರಲೇಬೇಕೆಂದಿಲ್ಲ, ಅನೇಕ ಸಲ ಇರುವುದೇ ಇಲ್ಲ. ಆಂಟಿಬಯೋಟಿಕ್ ಹೋಗುತ್ತಿದೆಯಲ್ಲ ಎಂಬ ಧೈರ್ಯವೂ ಬೇಡ. ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ, ಶಿಲೀಂಧ್ರಗಳಿವೆ. ಔಷಧಿಯ ಅಲರ್ಜಿಯೂ ಇರಬಹುದು, ಅದನ್ನು ತೀರ್ಮಾನಿಸಬೇಕಾದವರು ವೈದ್ಯರು. ಹೊಸ ಆಂಟಿಬಯೋಟಿಕ್ ಶುರುಮಾಡುವ ಮೊದಲು ಲೈನಿನಿಂದಲೂ ಇನ್ನೊಂದು ತೋಳಿನಿಂದಲೂ ರಕ್ತ ತೆಗೆದು ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಕಳುಹಿಸುತ್ತಾರೆ. ಲೈನಿನ ರಕ್ತದಲ್ಲಿ ಅದೇ ರೋಗಾಣು ತೋಳಿನ ರಕ್ತಕ್ಕಿಂತ ಎರಡು ಗಂಟೆ ಅಥವಾ ಹೆಚ್ಚು ಮೊದಲೇ ಬೆಳೆದರೆ, ಸೋಂಕಿನ ಮೂಲ ಲೈನೇ ಎನ್ನಲು ಅದು ಬಲವಾದ ಸುಳಿವು.

ಎದ್ದ ಅಂಚಿನ ಮೇಲೆ ಪ್ಲಾಸ್ಟರ್ ಮೆತ್ತಬೇಡಿ. ಪಾರದರ್ಶಕ ಡ್ರೆಸ್ಸಿಂಗ್‌ಗೆ ಏಳು ದಿನ, ಗಾಜ್ ಬಟ್ಟೆಯ ಡ್ರೆಸ್ಸಿಂಗ್‌ಗೆ ಎರಡು ದಿನ ಎಂಬ ಲೆಕ್ಕ ಒಣಗಿ ಅಂಟಿಕೊಂಡಿದ್ದರೆ ಮಾತ್ರ. ಒದ್ದೆಯಾದರೆ, ಎದ್ದರೆ ಅಂದೇ ಬದಲಿಸಬೇಕು. ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ಹಚ್ಚಿದ ಚರ್ಮ ತಾನಾಗಿಯೇ ಒಣಗಬೇಕು. ನಮ್ಮ ಮಳೆಗಾಲದಲ್ಲಿ ತಡವಾಗುತ್ತದೆ, ಆದರೂ ಬಾಯಿಯಿಂದ ಊದಬೇಡಿ. ಅತ್ತೆಯವರ ಅರಿಶಿನ ಸಾರಿಗಿರಲಿ. ಮುಲಾಮೂ ಬೇಡ, ಅದು ಶಿಲೀಂಧ್ರಕ್ಕೆ ದಾರಿ ಮಾಡಿಕೊಡುತ್ತದೆ.

ನಿಮ್ಮ ನರ್ಸ್ ಸಿರಿಂಜ್ ಜೋಡಿಸುವ ಮುನ್ನ ಕೈ ತೊಳೆದು, ಲೈನಿನ ಬಾಯಿಯನ್ನು ಆಲ್ಕೋಹಾಲ್ ಸ್ವ್ಯಾಬ್‌ನಿಂದ ಹದಿನೈದು ಸೆಕೆಂಡ್ ಗಟ್ಟಿಯಾಗಿ ಉಜ್ಜಿ, ಒಣಗಲು ಬಿಡುತ್ತಾರೆಯೇ ನೋಡಿ. ಇಲ್ಲದಿದ್ದರೆ ಸಂಕೋಚ ಬಿಟ್ಟು ಹೇಳಿ. ನಾವು ನರ್ಸ್‌ಗಳಿಗೆ ಬೇಸರವಾದರೂ ಪರವಾಗಿಲ್ಲ. ಸ್ನಾನದಲ್ಲಿ ಆ ತೋಳಿಗೆ ಹಂಡೆಯ ನೀರು ತಾಗದಂತೆ ಕವರ್ ಕಟ್ಟಿ. ಹೊಳೆ ರಸ್ತೆಗೆ ಬರುವ ಊರು ನಿಮ್ಮದು, ಡ್ರೆಸ್ಸಿಂಗ್ ಕಿಟ್ ಎರಡು ಹೆಚ್ಚಿಗೆ ಇರಲಿ.

ಇನ್ನೊಂದು. ಮೂಳೆ ಮತ್ತು ಕೀಲಿನ ಸೋಂಕಿಗೆ ಮೊದಲ ಆರು ವಾರ ಮಾತ್ರೆ ಕೊಟ್ಟರೂ ರಕ್ತನಾಳದ ಔಷಧಿಗಿಂತ ಫಲ ಕಡಿಮೆಯಾಗಲಿಲ್ಲ ಎಂದು 2019ರಲ್ಲಿ ಪ್ರಕಟವಾದ, ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ ಬ್ರಿಟನ್ನಿನ ಅಧ್ಯಯನ ತೋರಿಸಿದೆ. ಎಲ್ಲ ರೋಗಾಣುಗಳಿಗೂ ತಕ್ಕ ಮಾತ್ರೆ ಇರುವುದಿಲ್ಲ. ಆದರೂ ಕಲ್ಚರ್ ವರದಿ ಹಿಡಿದು ಮೈಸೂರಿಗೆ ಹೋದಾಗ, ಮಾವನಿಗೆ ಮಾತ್ರೆ ಆಗುತ್ತದೆಯೇ, ಲೈನ್ ತೆಗೆಯಬಹುದೇ ಎಂದು ಕೇಳಿ.