ಎರಡು ಕೋಟಿಗೆ ಎಷ್ಟು ವಿಭಾಗ?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "2023ರಲ್ಲಿ ನಮ್ಮ ಜಿಲ್ಲೆಗೂ ವಿಶ್ವವಿದ್ಯಾಲಯ ಬಂತೆಂದು ಹಿಗ್ಗಿದೆವು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಹತ್ತು ಹೊಸ ವಿವಿಗಳಲ್ಲಿ ಬೀದರ್ ಒಂದನ್ನು ಬಿಟ್ಟು ಉಳಿದವನ್ನು ಮುಚ್ಚೋಣ ಅಂದಿತು. ದುಡ್ಡಿಲ್ಲವಂತೆ. ಇದನ್ನು ನಂಬುವುದು ಹೇಗೆ? ನಿಮ್ಮ ಪತ್ರಿಕೆ ಮುಚ್ಚುವವರ ಕಡೆಗೋ, ಉಳಿಸುವವರ ಕಡೆಗೋ? ನಮ್ಮ ಶಾಸಕರನ್ನು ನಾವು ಏನೆಂದು ಕೇಳಬೇಕು?"

ದುಡ್ಡು ಇದೆಯೋ ಇಲ್ಲವೋ ಎಂಬ ಜಗಳ ಬೇಡ. ಯಾವುದಕ್ಕೆ ಇರುತ್ತದೆ, ಯಾವುದಕ್ಕೆ ಇರುವುದಿಲ್ಲ ಎಂದು ನೋಡಿದರೆ ಸಾಕು. ಕಟ್ಟಡಕ್ಕೆ ಹೇಗಾದರೂ ಹೊಂದಿಸುತ್ತಾರೆ. ಒಮ್ಮೆ ಕೊಟ್ಟರೆ ಮುಗಿಯಿತು, ಅಡಿಗಲ್ಲಿನ ಮೇಲೆ ಹೆಸರೂ ಉಳಿಯುತ್ತದೆ. ಮೇಷ್ಟ್ರ ಸಂಬಳ ಹಾಗಲ್ಲ. ಮೂವತ್ತು ವರ್ಷ ತಿಂಗಳು ತಿಂಗಳೂ ಕೊಡಬೇಕು, ಜೊತೆಗೆ ಪಿಂಚಣಿಯ ಪಾಲು. ಅದರ ಮೇಲೆ ಯಾರ ಹೆಸರನ್ನೂ ಕೆತ್ತುವುದಿಲ್ಲ.

ಆ ಹತ್ತರಲ್ಲಿ 2023ರಲ್ಲಿ ಶುರುವಾದ ಏಳು ವಿವಿಗಳಿಗೆ ಗೊತ್ತುಮಾಡಿದ್ದು ತಲಾ 2 ಕೋಟಿ ರೂಪಾಯಿ. ಇಷ್ಟರಲ್ಲಿ ಏನಾಗುತ್ತದೆ, ನೀವೇ ಕೂಡಿಸಿ ನೋಡಿ. ಒಂದು ವಿಭಾಗಕ್ಕೆ ಒಬ್ಬರು ಪ್ರಾಧ್ಯಾಪಕರು, ಇಬ್ಬರು ಸಹ ಪ್ರಾಧ್ಯಾಪಕರು, ನಾಲ್ವರು ಸಹಾಯಕ ಪ್ರಾಧ್ಯಾಪಕರು ಅಂದುಕೊಳ್ಳಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಏಳನೇ ವೇತನ ಶ್ರೇಣಿಯಲ್ಲಿ ಇವರ ಆರಂಭಿಕ ಮೂಲವೇತನ ತಿಂಗಳಿಗೆ ಕ್ರಮವಾಗಿ 1,44,200, 1,31,400 ಮತ್ತು 57,700 ರೂಪಾಯಿ. ಏಳು ಜನರದ್ದೂ ಸೇರಿ ತಿಂಗಳಿಗೆ 6,37,800, ವರ್ಷಕ್ಕೆ ಹತ್ತಿರ ಹತ್ತಿರ 76.5 ಲಕ್ಷ. ಇದರಲ್ಲಿ ತುಟ್ಟಿಭತ್ಯೆ ಇಲ್ಲ, ಮನೆ ಬಾಡಿಗೆ ಭತ್ಯೆ ಇಲ್ಲ. ಅಂದರೆ 2 ಕೋಟಿಯಲ್ಲಿ ಮೂರು ವಿಭಾಗಗಳ ಬರೀ ಮೂಲವೇತನವೂ ಹುಟ್ಟುವುದಿಲ್ಲ. ಇನ್ನು ಪ್ರಯೋಗಾಲಯ, ಗ್ರಂಥಾಲಯ, ಹಾಸ್ಟೆಲು, ಕರೆಂಟ್ ಬಿಲ್ಲು? ಪಾಠವನ್ನೆಲ್ಲ ಅತಿಥಿ ಉಪನ್ಯಾಸಕರ ತಲೆಗೆ ಕಟ್ಟಿ ವಿಶ್ವವಿದ್ಯಾಲಯ ಎಂದು ಬೋರ್ಡು ಹಾಕಿದ್ದೇ ಮೊದಲ ತಪ್ಪು. ಮುಚ್ಚುತ್ತೇವೆಂಬ ಮಾತು ಬಂದದ್ದು ಆಮೇಲೆ.

ಹಿಂದೆ ಹೀಗಿರಲಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾದಾಗ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಆಗಲೇ ನಡೆಯುತ್ತಿದ್ದವು, ಪಾಠ ಹೇಳುವವರಿದ್ದರು. ಮಾನಸಗಂಗೋತ್ರಿ ಆವರಣ ಬಂದದ್ದು 1960ರಲ್ಲಿ, ಕುವೆಂಪು ಕುಲಪತಿಯಾಗಿದ್ದಾಗ. ಮಂಗಳೂರು, ಗುಲ್ಬರ್ಗ ಎರಡೂ ಹತ್ತು ಹನ್ನೆರಡು ವರ್ಷ ಸ್ನಾತಕೋತ್ತರ ಕೇಂದ್ರಗಳಾಗಿ ಬಲಿತು 1980ರಲ್ಲಿ ವಿವಿಗಳಾದವು. ಈಗ ಹಾಸನ ವಿವಿಯಾದ ಹೇಮಗಂಗೋತ್ರಿಯೂ ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರವೇ ಆಗಿತ್ತಲ್ಲ ಎಂದು ನೀವು ಕೇಳಬಹುದು. ನಿಜ, ದಾರಿ ಅದೇ. ಬುತ್ತಿ ಕಟ್ಟಿಕೊಡದೆ ಹೊರಡಿಸಿದರು, ಅಷ್ಟೇ.

ಪತ್ರದಲ್ಲಿ ನೀವು ಕೇಳದೇ ಬಿಟ್ಟ ಒಂದು ಸಂಗತಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ರಾಜ್ಯದ ವಿವಿಗಳು ಸಂಬಳದ ಆಚೆಗಿನ ಖರ್ಚನ್ನು ಬಹುಪಾಲು ತೂಗಿಸುವುದು ಸಂಯೋಜಿತ ಕಾಲೇಜುಗಳು (ಪರೀಕ್ಷೆಗೆ, ಪದವಿಗೆ ವಿವಿಯ ಅಡಿಯಲ್ಲಿ ಸೇರಿದ ಕಾಲೇಜುಗಳು) ಕಟ್ಟುವ ಸಂಯೋಜನಾ ಶುಲ್ಕ, ಆ ಕಾಲೇಜುಗಳ ಮಕ್ಕಳು ಕಟ್ಟುವ ಪರೀಕ್ಷಾ ಶುಲ್ಕದಿಂದ. ಹಳೆಯ ವಿವಿಯನ್ನು ಒಡೆದಾಗ ಕಾಲೇಜುಗಳು ಹೊಸ ವಿವಿಗೆ ಹೋಗುತ್ತವೆ, ಅವುಗಳ ಶುಲ್ಕವೂ ಹೋಗುತ್ತದೆ. ನಿವೃತ್ತರ ಪಿಂಚಣಿ ಮಾತ್ರ ಹಳೆಯದರ ಕೊರಳಲ್ಲೇ ಉಳಿಯುತ್ತದೆ. ಹೊಸದು ಬಡವಾಗಿಯೇ ಹುಟ್ಟಿತು, ಹಳೆಯದು ಇನ್ನಷ್ಟು ಬಡವಾಯಿತು. ನಿವೃತ್ತ ಪ್ರಾಧ್ಯಾಪಕರು ಪಿಂಚಣಿಗಾಗಿ ಧರಣಿ ಕೂತ ಸುದ್ದಿಯನ್ನು ನೀವೂ ಓದಿರುತ್ತೀರಿ.

ಈ ಆದಾಯವನ್ನೇ ನೆಚ್ಚುವುದರಲ್ಲಿ ಇನ್ನೊಂದು ಕೇಡಿದೆ. ವಿವಿಯ ಸ್ಥಳೀಯ ವಿಚಾರಣಾ ಸಮಿತಿ ಒಂದು ಖಾಸಗಿ ಕಾಲೇಜಿಗೆ ಹೋಗುತ್ತದೆ. ಪ್ರಯೋಗಾಲಯದಲ್ಲಿ ಉಪಕರಣ ಇಲ್ಲ, ಗ್ರಂಥಾಲಯದಲ್ಲಿ ಪುಸ್ತಕ ಇಲ್ಲ. ಸಂಯೋಜನೆ ರದ್ದು ಮಾಡಿದರೆ ಅಷ್ಟು ಶುಲ್ಕ ಖೋತಾ. ವರದಿಯಲ್ಲಿ ಏನು ಬರೆಯುತ್ತಾರೆ, ಊಹಿಸಿಕೊಳ್ಳಿ. ಸಾಲದ್ದಕ್ಕೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ಸಂಯೋಜನೆ ಪದ್ಧತಿಯನ್ನೇ 15 ವರ್ಷಗಳಲ್ಲಿ ಹಂತ ಹಂತವಾಗಿ ಕೈಬಿಡಬೇಕು ಅನ್ನುತ್ತದೆ. ಆ ನೀತಿಯನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಹೋಗುವ ದಾರಿಯಲ್ಲಿರುವ ಆದಾಯವನ್ನು ನಂಬಿ ಹೊಸ ವಿವಿ ಕಟ್ಟುವುದು ಜಾಣತನವಲ್ಲ.

ಕೇಂದ್ರದಿಂದ ತರಬಹುದಲ್ಲ ಅನ್ನುವವರಿದ್ದಾರೆ. ಯುಜಿಸಿ ಕಾಯ್ದೆಯ 12ಬಿ ಮಾನ್ಯತೆ ಸಿಗುವವರೆಗೆ ಆ ಆಯೋಗದ ಅನುದಾನದ ಮಾತೇ ಇಲ್ಲ. ಉನ್ನತ ಶಿಕ್ಷಣಕ್ಕೆ ಕೇಂದ್ರ ಕೊಡುವ ಪಿಎಂ-ಉಷಾ ಯೋಜನೆಯಲ್ಲೂ ನೂರಕ್ಕೆ 40 ಪಾಲು ರಾಜ್ಯವೇ ಹಾಕಬೇಕು. ಶುಲ್ಕ ಏರಿಸಬಹುದು ಅನ್ನುವವರಿಗೆ ನಮ್ಮ ಉತ್ತರ ಚಿಕ್ಕದು: ಶುಲ್ಕ ಕಟ್ಟಬಲ್ಲವರು ಆಗಲೇ ಬೆಂಗಳೂರಿಗೆ, ಮೈಸೂರಿಗೆ ಹೋಗಿದ್ದಾರೆ. ಹೇಮಗಂಗೋತ್ರಿಗೆ ಬರುವವರು ಮನೆಯಿಂದ ಬಸ್ಸಿನಲ್ಲಿ ಓಡಾಡಿ ಓದುವವರು. ಅವರಲ್ಲಿ ಎಷ್ಟೋ ಹುಡುಗಿಯರನ್ನು ಮೈಸೂರಿನ ಹಾಸ್ಟೆಲಿಗೆ ಕಳಿಸಲು ಮನೆಯವರು ಒಪ್ಪುವುದಿಲ್ಲ.

ಆದ್ದರಿಂದ ನಾವು ಮುಚ್ಚುವವರ ಕಡೆಗಿಲ್ಲ, ಈಗಿರುವ ಹಾಗೇ ಉಳಿಸುವವರ ಕಡೆಗೂ ಇಲ್ಲ. ಎಂ.ಎ., ಎಂ.ಎಸ್ಸಿ. ತರಗತಿಗಳು ಹಾಸನದಲ್ಲಿ ಇರಲೇಬೇಕು, ಕಾಯಂ ಅಧ್ಯಾಪಕರೂ ಇರಬೇಕು. ಕುಲಪತಿಯ ಕಾರು ಇರಲೇಬೇಕು ಅಂತೇನಿಲ್ಲ. ಹುದ್ದೆ ಮಂಜೂರು ಮಾಡುವ ಮನಸ್ಸು ಸರ್ಕಾರಕ್ಕೆ ಇಲ್ಲದಿದ್ದರೆ, ಮೈಸೂರು ವಿವಿಯ ಗಟ್ಟಿ ಸ್ನಾತಕೋತ್ತರ ಕೇಂದ್ರವಾಗಿ ಅದು ಇರುವುದೇ ಮೇಲು. ಜಿಲ್ಲೆಯ ಅಭಿಮಾನಕ್ಕೆ ಇದರಿಂದ ನೋವಾಗುತ್ತದೆಂದು ಗೊತ್ತಿದ್ದೇ ಹೇಳುತ್ತಿದ್ದೇವೆ.

ಶಾಸಕರಿಗೆ ಮನವಿ ಪತ್ರ ಕೊಟ್ಟು ಫೋಟೊ ತೆಗೆಸಿಕೊಂಡರೆ ಪ್ರಯೋಜನವಿಲ್ಲ. ಸದನದಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆ ಹಾಕಲು ಹೇಳಿ, ಅದಕ್ಕೆ ಲಿಖಿತ ಉತ್ತರ ಬರುತ್ತದೆ. ಹಾಸನ ವಿವಿಗೆ ಆರ್ಥಿಕ ಇಲಾಖೆ ಒಪ್ಪಿದ ಬೋಧಕ ಹುದ್ದೆಗಳು ಎಷ್ಟು, ತುಂಬಿರುವುದು ಎಷ್ಟು, ಮುಂದಿನ ಹತ್ತು ವರ್ಷದ ಸಂಬಳ ಮತ್ತು ಪಿಂಚಣಿ ಬಜೆಟ್ಟಿನ ಯಾವ ಲೆಕ್ಕ ಶೀರ್ಷಿಕೆಯಿಂದ ಬರುತ್ತದೆ ಎಂದು ಕೇಳಿಸಿ. ಉತ್ತರದ ಒಂದು ಪ್ರತಿ ನಮಗೂ ಕಳಿಸಿ, ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇವೆ.

– ಸಂ.