ಡೆಬಿಯನ್, ಉಬುಂಟು ಎರಡರಲ್ಲೂ ಪೈಥಾನ್ ಒಟ್ಟಿಗೇ ಯಾಕೆ ಬದಲಾಗಲ್ಲ?

ನೀವು ಕೇಳಿರೋದು, ಆಫೀಸ್ ಸರ್ವರ್ ಡೆಬಿಯನ್ 12, ಅದ್ರಲ್ಲಿ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ 3.11, ನಿಮ್ ಲ್ಯಾಪ್‌ಟಾಪ್ ಉಬುಂಟು 24.04, ಅದ್ರಲ್ಲಿ 3.12, ಎರಡೂ ಲಿನಕ್ಸ್, ಉಬುಂಟು ಹುಟ್ಟಿದ್ದೇ ಡೆಬಿಯನ್‌ನಿಂದ, ಒಂದೇ ಮನೆತನ ತಾನೆ, ಮಾತಾಡ್ಕೊಂಡು ಒಟ್ಟಿಗೆ ಯಾಕೆ ಬದ್ಲಾಯಿಸಲ್ಲ, ಸರ್ವರ್‌ದನ್ನ ನಾವೇ ಬದ್ಲಾಯಿಸಿಬಿಡ್ಬೋದಾ ಅಂತ.

ಮಾತಾಡ್ಕೋತಾರೆ ಸಾರ್, ಆದ್ರೆ ಇಬ್ರ ಕ್ಯಾಲೆಂಡರ್ ಬೇರೆ. ಪೈಥಾನ್ ಈಗ ವರ್ಷಕ್ಕೊಂದು, ಅಕ್ಟೋಬರ್‌ಗೆ ಬರುತ್ತೆ. ಉಬುಂಟು ಏಪ್ರಿಲ್, ಅಕ್ಟೋಬರ್ ಅಂತ ಮುಂಚೆನೇ ಹೇಳಿ ಬಿಡುತ್ತೆ, ಡೆಬಿಯನ್ ರೆಡಿ ಆದ್ಮೇಲೇ ಬಿಡೋದು. ಡೆಬಿಯನ್ 12 ಬಂದಿದ್ದು 2023 ಜೂನ್‌ನಲ್ಲಿ, ಆಗ 3.12 ಇನ್ನೂ ರಿಲೀಸೇ ಆಗಿರ್ಲಿಲ್ಲ, ಡೆಬಿಯನ್ 13 ಬಂದಿದ್ದು 2025 ಆಗಸ್ಟ್‌ನಲ್ಲಿ, ಅಷ್ಟೊತ್ತಿಗೆ 3.13 ಬಂದಾಗಿತ್ತು. ಹಂಗಾಗಿ ಡೆಬಿಯನ್ ಸ್ಟೇಬಲ್, ಅಂದ್ರೆ ರೆಡಿ ಆಗಿ ಜನಕ್ಕೆ ಬಿಡೋ ಆವೃತ್ತಿ, 3.12ನ ದಾಟ್ಕೊಂಡೇ ಹೋಯ್ತು.

ಆದ್ರೆ 3.12ಗೆ ಎರಡೂ ಕಡೆಯವ್ರು ಪಟ್ಟ ಪಾಡು ದಂಡ ಆಗ್ಲಿಲ್ಲ, 3.13ಗೂ ಅದೇ ಕೆಲ್ಸ ಬೇಕಿತ್ತು. 3.12ರಲ್ಲಿ ಪ್ಯಾಕೇಜ್ ಬಿಲ್ಡ್ ಮಾಡೋಕೆ ಬಳಸ್ತಿದ್ದ ಡಿಸ್ಟ್‌ಯುಟಿಲ್ಸ್ ತೆಗೆದುಹಾಕಿದ್ರಿಂದ ಹಳೇ ಪ್ಯಾಕೇಜ್‌ಗಳು ಬಿಲ್ಡೇ ಆಗ್ತಿರ್ಲಿಲ್ಲ, ಒಂದೊಂದಾಗಿ ಕೂತು ಸರಿ ಮಾಡ್ಬೇಕಿತ್ತು. ನಮ್ ಮಂಡ್ಯ ಕಡೆಯವ್ರಿಗೆ ಹೇಳೋದಾದ್ರೆ ಇದು ವಿಸಿ ನಾಲೆ ಇದ್ದಂಗೆ, ಮೇಲ್ಗಡೆ ಡೆಬಿಯನ್ ಅನ್‌ಸ್ಟೇಬಲ್, ಅಂದ್ರೆ ಹೊಸ ಪ್ಯಾಕೇಜ್‌ಗಳು ಮೊದ್ಲು ಬಂದು ಬೀಳೋ ಜಾಗ, ಅಲ್ಲಿಂದ ಹರಿದಿದ್ದು ಉಬುಂಟುಗೆ, ಆದ್ರೆ ಪೈಥಾನ್ ವಿಷ್ಯದಲ್ಲಿ ಎಷ್ಟೋ ಸಲ ಟೇಲ್ ಎಂಡ್‌ನ ಉಬುಂಟುನವ್ರೇ ಮೊದ್ಲು ಇಳಿದು ಹೂಳು ತೆಗೀತಾರೆ, ಸರಿ ಮಾಡಿದ ಕೋಡ್‌ನ, ಅಂದ್ರೆ ಪ್ಯಾಚ್‌ನ, ಮೇಲಕ್ಕೆ ಡೆಬಿಯನ್‌ಗೆ ಕಳಿಸ್ತಾರೆ. ಎರಡೂ ಕಡೆ ಕೆಲ್ಸ ಮಾಡೋರು ಇರೋದ್ರಿಂದ್ಲೇ ಇದು ನಡೀತಿದೆ, ಅವ್ರ ಬಗ್ಗೆ ನಂಗೆ ತುಂಬಾ ಗೌರವ.

ಬದಲಾವಣೆ ಅನ್ನೋದೂ ಒಂದೇ ಏಟಿಗೆ ಆಗಲ್ಲ. ಮೊದ್ಲು ಹೊಸ ಪೈಥಾನ್‌ನ ಹಳೇದ್ರ ಜೊತೆಗೇ ಇಡ್ತಾರೆ, ಸಿ ಭಾಷೇಲಿ ಬರೆದಿರೋ ಮಾಡ್ಯೂಲ್‌ಗಳನ್ನೆಲ್ಲ ಎರಡಕ್ಕೂ ಬಿಲ್ಡ್ ಮಾಡಿ ಟೆಸ್ಟ್ ಓಡಿಸ್ತಾರೆ, ಆಮೇಲೆ ಡೀಫಾಲ್ಟ್ ಬದ್ಲಾಯಿಸ್ತಾರೆ, ಕೊನೇಗೆ ಹಳೇದು ತೆಗೀತಾರೆ.

ಇದನ್ನ ಬಿಟ್ಟು ನಾವೇ ಕೈ ಹಾಕಿದ್ರೆ ಏನಾಗುತ್ತೆ ಅಂತ ಮಂಡ್ಯದ ಒಂದು ಕಾಲೇಜ್ ಲ್ಯಾಬಲ್ಲಿ ನೋಡಿದೀನಿ. ಉಬುಂಟು 20.04 ಮಷಿನ್, ಪೈಥಾನ್ 3.8, ಪ್ರಾಜೆಕ್ಟ್‌ಗೆ ಬೇಕು ಅಂತ ಯಾರೋ ಪೈಥಾನ್3 ಅನ್ನೋ ಲಿಂಕ್‌ನ 3.9ಗೆ ತಿರುಗಿಸಿದ್ರು. ಟರ್ಮಿನಲ್ ಐಕಾನ್ ಒತ್ತಿದ್ರೆ ಏನೂ ತೆರೀತಿಲ್ಲ. ಕಂಟ್ರೋಲ್ ಆಲ್ಟ್ ಎಫ್3 ಒತ್ತಿ ಒಳಗೆ ಹೋಗಿ ಪ್ಯಾಕೇಜ್ ಪಟ್ಟಿ ಹೊಸದು ಮಾಡೋ ಆಪ್ಟ್ ಅಪ್‌ಡೇಟ್ ಕೊಟ್ರೆ ಆಪ್ಟ್_ಪಿಕೆಜಿ ಮಾಡ್ಯೂಲ್ ಇಲ್ಲ ಅಂತ ಎರರ್. ಫೈಲ್ ಅಲ್ಲೇ ಇತ್ತು ಕಣ್ರೀ, ಆದ್ರೆ ಅದ್ರ ಹೆಸ್ರಲ್ಲೇ ಸಿಪೈಥಾನ್-38 ಅಂತ ಇತ್ತು, ಅಂದ್ರೆ 3.8ಗೆ ಅಂತಲೇ ಬಿಲ್ಡ್ ಮಾಡಿದ್ದು, 3.9 ಅದನ್ನ ಮೂಸೂ ನೋಡಲ್ಲ. ಲಿಂಕ್ ವಾಪಸ್ 3.8ಗೆ ತಿರುಗಿಸಿದ್ಮೇಲೆ ಎಲ್ಲಾ ಸರಿಹೋಯ್ತು.

ಅದಕ್ಕೇ ಸರ್ವರ್‌ನ ಸಿಸ್ಟಮ್ ಪೈಥಾನ್, ಅಂದ್ರೆ ಓಎಸ್‌ನ ಟೂಲ್‌ಗಳೇ ನೆಚ್ಕೊಂಡಿರೋದನ್ನ, ಮುಟ್ಬೇಡಿ. ಡೆಬಿಯನ್ 12ರಲ್ಲಿ ಪೈಥಾನ್ ಪ್ಯಾಕೇಜ್ ಹಾಕೋ ಪಿಪ್ ಹೊಡೆದ್ರೆ ಬೇಡ ಅಂತ ತಡೆಯುತ್ತಲ್ಲ, ಅದೂ ಇದೇ ಕಾರಣಕ್ಕೆ, ವೆನ್ವ್, ಅಂದ್ರೆ ಪ್ರಾಜೆಕ್ಟ್‌ನ ಪ್ಯಾಕೇಜ್‌ಗಳಿಗೆ ಬೇರೆ ಫೋಲ್ಡರ್, ಮಾಡ್ಕೊಳ್ಳಿ. 3.12ನೇ ಬೇಕು ಅಂದ್ರೆ ಸಿಸ್ಟಮ್‌ನಿಂದ ಬೇರೆಯಾಗಿ ಓಡೋ ಕಂಟೇನರ್ ಹಾಕಿ, ಇಲ್ಲಾ ಸೋರ್ಸ್‌ನಿಂದ ಬಿಲ್ಡ್ ಮಾಡಿ ಮೇಕ್ ಆಲ್ಟ್‌ಇನ್‌ಸ್ಟಾಲ್ ಕೊಡಿ, ಬರೀ ಮೇಕ್ ಇನ್‌ಸ್ಟಾಲ್ ಬೇಡ, ಅದು ಪೈಥಾನ್3 ಅನ್ನೋ ಹೆಸ್ರನ್ನೂ ತಾನೇ ಹಾಕ್ಕೊಳುತ್ತೆ. ಇನ್ನೊಂದು, ಕೋಡ್ ಲ್ಯಾಪ್‌ಟಾಪಲ್ಲಿ ಓಡಿ ಸರ್ವರಲ್ಲಿ ಸಿಂಟ್ಯಾಕ್ಸ್ ಎರರ್ ಬಂದ್ರೆ ಎಫ್-ಸ್ಟ್ರಿಂಗ್ (ಮಧ್ಯೆ ಬ್ರೇಸ್ ಹಾಕಿ ಕೋಡ್ ಸೇರಿಸೋ ಸ್ಟ್ರಿಂಗ್) ಬ್ರೇಸ್ ಒಳಗೆ ಹೊರಗಿನ ಅದೇ ಕೋಟ್ಸ್ ಮತ್ತೆ ಹಾಕಿದೀರಾ ನೋಡಿ, 3.12 ಒಪ್ಪುತ್ತೆ, 3.11 ಒಪ್ಪಲ್ಲ.